ಲೇಸರ್ ಪೆನ್ ಹಿಡಿದು ಫೈಬರ್ ಕಟ್ ಹುಡುಕುವುದು ಹೇಗೆ?

'ಮೋಡಂನಲ್ಲಿ ರೆಡ್ ಲೈಟ್ ಬರ್ತಿದೆ, ನೆಟ್ ಇಲ್ಲ.' ಮಂಡ್ಯ, ಮದ್ದೂರು, ಪಾಂಡವಪುರ ಕಡೆ ಕೇಬಲ್ ಕೆಲಸ ಮಾಡುವವರಿಗೆ ದಿನಾ ಬರುವ ಫೋನ್ ಇದು. ಹುಡುಗರು ಹೋಗುತ್ತಾರೆ. ಪವರ್ ಮೀಟರ್ ಹಾಕಿ ನೋಡುತ್ತಾರೆ. ಸಿಗ್ನಲ್ ಇಲ್ಲ ಅಂತ ಗೊತ್ತಾದ ಕೂಡಲೇ ಕಂಬದಿಂದ ಮನೆಗೆ ಹೊಸ ಡ್ರಾಪ್ ವೈರ್ ಎಳೆದುಬಿಡುತ್ತಾರೆ. ಎಷ್ಟೋ ಸಲ ಹಳೇ ವೈರಿಗೆ ಏನೂ ಆಗಿರುವುದಿಲ್ಲ. ಟಿವಿ ಸ್ಟ್ಯಾಂಡ್ ಹಿಂದೆ ಪ್ಯಾಚ್ ಕಾರ್ಡ್ (ಗೋಡೆ ಡಬ್ಬಿಯಿಂದ ಮೋಡಂಗೆ ಹೋಗುವ ಸಣ್ಣ ವೈರ್) ಮುರಿದಿರುತ್ತದೆ, ಇಲ್ಲವೇ ಕನೆಕ್ಟರ್ ಕತ್ತಿನ ಒಳಗೆ ಫೈಬರಿನ ಗಾಜಿನ ಎಳೆ ಒಡೆದಿರುತ್ತದೆ. ನೂರು ಮೀಟರ್ ವೈರ್ ಸುಮ್ನೆ ಹಾಳು. ಅರ್ಧ ದಿನದ ಕೂಲಿಯೂ ಹೋಯಿತು.

ಸಿಗ್ನಲ್ ಇದೆಯೋ ಇಲ್ಲವೋ ಅನ್ನುವುದನ್ನು ಪವರ್ ಮೀಟರ್ ಹೇಳುತ್ತದೆ. ಎಲ್ಲಿ ನಿಂತುಹೋಗಿದೆ ಅನ್ನುವುದನ್ನು ಹೇಳುವುದಿಲ್ಲ. ಆ ಕೆಲಸಕ್ಕೆ ಇರುವುದು ಜೇಬಿನಲ್ಲಿ ಇಟ್ಟುಕೊಳ್ಳುವ ಲೇಸರ್ ಪೆನ್. ಇದರ ಪೂರ್ತಿ ಹೆಸರು ವಿಷುಯಲ್ ಫಾಲ್ಟ್ ಲೊಕೇಟರ್. ಬಹಳ ಜನರ ಹತ್ತಿರ ಇದೆ. ಆದರೆ ಕ್ರಮವಾಗಿ ಬಳಸುವವರು ಕಡಿಮೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೂ, ತಮ್ಮ ಮನೆಯ ಲೈನ್ ಬಗ್ಗೆ ತಿಳಿಯಬೇಕು ಅನ್ನುವವರಿಗೂ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಪೆನ್ ಏನು ಮಾಡುತ್ತದೆ

ಫೈಬರ್‌ನಲ್ಲಿ ಓಡುವ ನಿಜವಾದ ಸಿಗ್ನಲ್ ಕಣ್ಣಿಗೆ ಕಾಣುವುದಿಲ್ಲ. ಜಿಪಾನ್ (ಮನೆಗಳಿಗೆ ಫೈಬರ್ ನೆಟ್ ಕೊಡುವ ಸಾಮಾನ್ಯ ಪದ್ಧತಿ) ಲೈನ್‌ನಲ್ಲಿ ಮನೆಗೆ ಬರುವ ಬೆಳಕು 1490 ನ್ಯಾನೋಮೀಟರ್, ಮನೆಯಿಂದ ಹೋಗುವುದು 1310. ಕೇಬಲ್ ಟಿವಿ ಕೂಡ ಅದೇ ಫೈಬರ್‌ನಲ್ಲಿ ಬರುತ್ತಿದ್ದರೆ ಅದು 1550. ಮೂರೂ ಇನ್‌ಫ್ರಾರೆಡ್. ಲೇಸರ್ ಪೆನ್ ಬಿಡುವುದು 650 ನ್ಯಾನೋಮೀಟರ್ ಆಸುಪಾಸಿನ ಕೆಂಪು ಬೆಳಕು, ಇದು ಕಣ್ಣಿಗೆ ಕಾಣುತ್ತದೆ. ಫೈಬರ್ ಸರಿ ಇದ್ದರೆ ಬೆಳಕು ಒಳಗೇ ಸಾಗುತ್ತದೆ. ಗಾಜು ಮುರಿದ ಕಡೆ, ಜಾಸ್ತಿ ಬಗ್ಗಿದ ಕಡೆ, ಜಾಯಿಂಟ್ ಕೆಟ್ಟ ಕಡೆ ಹೊರಗೆ ಸೋರುತ್ತದೆ. ಸೋರಿದ ಜಾಗ ಕೆಂಪಗೆ ಹೊಳೆಯುತ್ತದೆ. ತೂತಾದ ಪೈಪಿನಲ್ಲಿ ನೀರು ಚಿಮ್ಮಿದ ಹಾಗೆ.

ಪೆನ್ ಡಬ್ಬದ ಮೇಲೆ '10 ಕಿಲೋಮೀಟರ್' '20 ಕಿಲೋಮೀಟರ್' ಅಂತ ಬರೆದಿರುತ್ತದೆ. ಅದನ್ನು ನೆಚ್ಚಿಕೊಳ್ಳಬೇಡಿ. ಅಲೆಯ ಉದ್ದ ಕಡಿಮೆಯಾದಷ್ಟೂ ಗಾಜಿನೊಳಗೆ ಬೆಳಕು ಜಾಸ್ತಿ ಚದುರುತ್ತದೆ. 1550ರ ಬೆಳಕಿಗೆ ಕಿಲೋಮೀಟರಿಗೆ ಸುಮಾರು 0.2 ಡಿಬಿ (ಡೆಸಿಬೆಲ್, ಬೆಳಕು ಎಷ್ಟು ಕುಂದಿತು ಅನ್ನುವ ಅಳತೆ) ನಷ್ಟವಾದರೆ, 650ರ ಕೆಂಪು ಬೆಳಕಿಗೆ ಅದರ ಮೂವತ್ತು ಪಟ್ಟಿನ ಹತ್ತಿರ ನಷ್ಟ. ಹಾಗಾಗಿ ಕಣ್ಣಿಗೆ ಚೆನ್ನಾಗಿ ಕಾಣುವಂತೆ ಕೆಲಸ ಆಗುವುದು ಎರಡು ಮೂರು ಕಿಲೋಮೀಟರ್ ಒಳಗೆ. ಮನೆಯಿಂದ ಕಂಬದ ಡಬ್ಬಿವರೆಗಿನ (ಬೀದಿಯ ಲೈನ್ ಮನೆಮನೆಗೆ ಕವಲೊಡೆಯುವುದು ಇಲ್ಲೇ) ಲೈನಿಗೆ ಅಷ್ಟು ಧಾರಾಳ ಸಾಕು.

ಕೊಳ್ಳುವಾಗ 5 ಅಥವಾ 10 ಮಿಲಿವ್ಯಾಟ್ ತೆಗೆದುಕೊಳ್ಳಿ. 30 ಮಿಲಿವ್ಯಾಟ್ ಇದ್ದರೆ ಒಳ್ಳೆಯದು ಅನ್ನುವುದು ತಪ್ಪು ಲೆಕ್ಕ. ಸಿಗುವ ದೂರ ಸ್ವಲ್ಪ ಹೆಚ್ಚು, ಕಣ್ಣಿಗೆ ಅಪಾಯ ಬಹಳ ಹೆಚ್ಚು. ಪೆನ್ನಿನ ಬಾಯಿ 2.5 ಮಿಲಿಮೀಟರ್ ಇರುತ್ತದೆ, ಎಸ್‌ಸಿ ಮತ್ತು ಎಫ್‌ಸಿ ಕನೆಕ್ಟರ್ ನೇರವಾಗಿ ಕೂರುತ್ತವೆ. ಎಲ್‌ಸಿ ಕನೆಕ್ಟರಿಗೆ 1.25 ಮಿಲಿಮೀಟರ್ ಅಡಾಪ್ಟರ್ ಬೇಕು. ಅದನ್ನೂ ಜೊತೆಗೇ ತೆಗೆದುಕೊಂಡುಬಿಡಿ, ಬೇಕಾದ ದಿನ ಸಿಗುವುದಿಲ್ಲ. ಸಭೆಗಳಲ್ಲಿ ಪರದೆ ತೋರಿಸುವ ಲೇಸರ್ ಪಾಯಿಂಟರ್ ಇದಕ್ಕೆ ಬರುವುದಿಲ್ಲ. ಫೈಬರಿನ ನಡುವೆ ಬೆಳಕು ಸಾಗುವ ಭಾಗ, ಅಂದರೆ ಕೋರ್‌ನ ಅಗಲ 9 ಮೈಕ್ರಾನ್ ಮಾತ್ರ. ಅದರೊಳಗೆ ಬೆಳಕನ್ನು ಗುರಿಯಿಟ್ಟು ತೂರಿಸುವ ವ್ಯವಸ್ಥೆ ಪಾಯಿಂಟರ್‌ನಲ್ಲಿ ಇರುವುದಿಲ್ಲ.

ಕಣ್ಣಿನ ವಿಷಯ ಮೊದಲು

ಇದನ್ನು ಕೊನೆಯಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಗಿಸುವುದು ನನಗೆ ಇಷ್ಟವಿಲ್ಲ. ಪೆನ್ನಿನ ಬಾಯಿಗೆ, ಫೈಬರ್ ತುದಿಗೆ, ಕನೆಕ್ಟರ್ ಮುಖಕ್ಕೆ ಕಣ್ಣಿಟ್ಟು ನೋಡಬೇಡಿ. ಬೆಳಕು ಬರುತ್ತಿದೆಯೋ ಇಲ್ಲವೋ ನೋಡಬೇಕಾದರೆ ತುದಿಯನ್ನು ಅಂಗೈಗೋ ಬಿಳಿ ಕಾಗದಕ್ಕೋ ತಿರುಗಿಸಿ. ಕೆಂಪು ಚುಕ್ಕೆ ಬಿದ್ದರೆ ಬರುತ್ತಿದೆ ಅಂತ ಅರ್ಥ.

1 ಮಿಲಿವ್ಯಾಟ್ ಒಳಗಿನ ಲೇಸರ್ ಆದರೆ ಕಣ್ಣು ತಾನೇ ರೆಪ್ಪೆ ಮುಚ್ಚಿ ತಪ್ಪಿಸಿಕೊಳ್ಳುತ್ತದೆ. 5 ಮಿಲಿವ್ಯಾಟ್ ದಾಟಿದರೆ ರೆಪ್ಪೆ ಮುಚ್ಚುವಷ್ಟರಲ್ಲೇ ಹಾನಿ ಆಗಿರಬಹುದು. ಇನ್ನೂ ಕೆಟ್ಟದ್ದು ಲೈವ್ ಫೈಬರ್. ಅದರಲ್ಲಿ ಬರುವ ಬೆಳಕು ಕಾಣುವುದಿಲ್ಲ, ಆದ್ದರಿಂದ ಕಣ್ಣು ಮುಚ್ಚಿಕೊಳ್ಳುವುದೂ ಇಲ್ಲ. ಕೇಬಲ್ ಟಿವಿ ಕಂಟ್ರೋಲ್ ರೂಮಿನಲ್ಲಿ ಆಂಪ್ಲಿಫೈಯರ್‌ನಿಂದ ಹೊರಡುವ 1550 ಬೆಳಕು ಪೆನ್ನಿಗಿಂತ ಎಷ್ಟೋ ಪಟ್ಟು ಬಲವಾಗಿರಬಹುದು. 'ಕೆಂಪು ಕಾಣ್ತಿಲ್ಲ, ಹಾಗಾದರೆ ಏನೂ ಇಲ್ಲ' ಅಂದುಕೊಂಡು ತುದಿಗೆ ಕಣ್ಣಿಡುವ ಹುಡುಗರನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಪೆನ್ ಹಚ್ಚಿಟ್ಟು ಹೊರಗೆ ಹೋಗಬೇಡಿ. ಯಾರಾದರೂ ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿ ಹೋಗಿ.

ಫೈಬರ್ ಕತ್ತರಿಸಿದ ಚೂರುಗಳೂ ಅಷ್ಟೇ. ಕಣ್ಣಿಗೆ ಬೀಳದಷ್ಟು ಸಣ್ಣ ಗಾಜು ಅದು. ಕಾಲಿಗೆ ಚುಚ್ಚಿದರೆ ತೆಗೆಯುವುದು ಕಷ್ಟ. ಮುಚ್ಚಳ ಇರುವ ಖಾಲಿ ಬಾಟಲಿಗೆ ಹಾಕಿಕೊಳ್ಳಿ. ನೆಲದ ಮೇಲೆ ಬಿದ್ದಿದ್ದನ್ನು ಟೇಪಿನಿಂದ ಒತ್ತಿ ತೆಗೆಯಿರಿ.

ಪೆನ್ ತೆಗೆಯುವ ಮುಂಚೆ

ಮೊದಲು ಮೋಡಂ ನೋಡಿ. ಎಲ್‌ಒಎಸ್ (ಸಿಗ್ನಲ್ ಇಲ್ಲ ಅಂತ ಹೇಳುವ) ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕು ಬರುತ್ತಿಲ್ಲ ಅಥವಾ ಸಾಲದಷ್ಟು ಬರುತ್ತಿದೆ. ಎಲ್‌ಒಎಸ್ ಆರಿದ್ದು, ಪಾನ್ (ಲೈನ್ ಸೇರಿದೆ ಅಂತ ಹೇಳುವ) ದೀಪ ಹಸಿರಾಗಿ ನಿಂತಿದ್ದೂ ನೆಟ್ ಇಲ್ಲ ಅಂದರೆ ಅದು ಫೈಬರ್ ತೊಂದರೆ ಅಲ್ಲ. ಪ್ಲಾನ್ ಮುಗಿದಿರಬಹುದು, ಯೂಸರ್ ನೇಮ್ ಹೋಗಿರಬಹುದು. ಅಲ್ಲಿ ಪೆನ್ನಿಗೆ ಕೆಲಸ ಇಲ್ಲ.

ಆಮೇಲೆ ಅಕ್ಕಪಕ್ಕದ ಮನೆಯಲ್ಲಿ ಕೇಳಿ. ಅದೇ ಡಬ್ಬಿಯಿಂದ ಲೈನ್ ಹೋಗಿರುವ ಮನೆಗಳಲ್ಲೂ ನೆಟ್ ಹೋಗಿದ್ದರೆ ತೊಂದರೆ ಡಬ್ಬಿಯಿಂದ ಮೇಲಕ್ಕೆ ಇದೆ. ಒಂದೇ ಮನೆಗೆ ಹೋಗಿದ್ದರೆ ಡಬ್ಬಿಯಿಂದ ಕೆಳಕ್ಕೆ. ಈ ಒಂದು ಪ್ರಶ್ನೆ ಎಷ್ಟು ಓಡಾಟ ಉಳಿಸುತ್ತದೆ ಅಂದರೆ, ಗಾಡಿ ಹತ್ತುವ ಮುಂಚೆ ಫೋನಿನಲ್ಲೇ ಕೇಳಿಬಿಡುವುದು ಒಳ್ಳೆಯದು.

ಈಗ ಪವರ್ ಮೀಟರ್. 1490ಕ್ಕೆ ಇಟ್ಟು, ಮೋಡಂಗೆ ಹೋಗುವ ಪ್ಯಾಚ್ ಕಾರ್ಡ್ ತುದಿಯನ್ನು ಅಳೆಯಿರಿ. ಅಂಕಿ ಎಷ್ಟು ಬರಬೇಕು ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಓಎಲ್‌ಟಿಯಿಂದ (ಕಂಟ್ರೋಲ್ ರೂಮಿನಲ್ಲಿ ಬೆಳಕು ಕಳಿಸುವ ಯಂತ್ರ) 3 ಡಿಬಿಎಂ ಹೊರಟಿತು ಅಂದುಕೊಳ್ಳಿ. ಡಿಬಿಎಂ ಅಂದರೆ ಬೆಳಕಿನ ಬಲದ ಅಳತೆ; ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ದಾರಿಯಲ್ಲಿ ಎಂಟು ದಾರಿಯ ಎರಡು ಸ್ಪ್ಲಿಟರ್ (ಒಂದು ಫೈಬರಿನ ಬೆಳಕನ್ನು ಹಲವಕ್ಕೆ ಹಂಚುವ ಭಾಗ) ಇದ್ದರೆ ಒಂದೊಂದಕ್ಕೆ ಸುಮಾರು 10.5ರಂತೆ 21 ಡಿಬಿ ಹೋಯಿತು. ಫೈಬರ್ ಉದ್ದಕ್ಕೆ, ಕನೆಕ್ಟರ್‌ಗಳಿಗೆ ಇನ್ನೊಂದೆರಡು. ಮನೆಯಲ್ಲಿ ಮೈನಸ್ 20ರ ಆಸುಪಾಸು ಬರಬೇಕು. ಸಾಮಾನ್ಯ ಜಿಪಾನ್ ಮೋಡಂ ಮೈನಸ್ 27ರವರೆಗೆ ತಡೆದುಕೊಳ್ಳುತ್ತದೆ. ಮೈನಸ್ 20 ಬಂದೂ ಎಲ್‌ಒಎಸ್ ಮಿನುಗುತ್ತಿದ್ದರೆ ಮೋಡಂ ಅನುಮಾನಿಸಿ. ಮೈನಸ್ 29, 30 ಬಂದರೆ ಎಲ್ಲೋ ಬಗ್ಗಿದೆ, ಕೊಳೆ ಕೂತಿದೆ, ಜಾಯಿಂಟ್ ಕೆಟ್ಟಿದೆ. ಮೀಟರ್ ಏನೂ ತೋರಿಸದಿದ್ದರೆ ಕಟ್ ಆಗಿದೆ.

ಒಂದು ಎಚ್ಚರ. ಅದೇ ಫೈಬರ್‌ನಲ್ಲಿ ಟಿವಿಯೂ ಬರುತ್ತಿದ್ದರೆ ಸಾಮಾನ್ಯ ಪವರ್ ಮೀಟರ್ ಎರಡೂ ಬೆಳಕನ್ನು ಸೇರಿಸಿ ಅಳೆಯುತ್ತದೆ. 1490 ಅಂತ ಒತ್ತಿದರೆ ಅದು ಮಾತ್ರ ಅಳೆಯುತ್ತದೆ ಅಂದುಕೊಳ್ಳಬೇಡಿ. ಟಿವಿ ಬೆಳಕು ಜಾಸ್ತಿ ಇರುವುದರಿಂದ ಅಂಕಿ ಚೆನ್ನಾಗಿ ಕಾಣುತ್ತದೆ, ನೆಟ್ ಮಾತ್ರ ಬರುವುದಿಲ್ಲ. ಇಂಥ ಲೈನಿಗೆ ಎರಡನ್ನೂ ಬೇರೆ ಮಾಡಿ ತೋರಿಸುವ ಪಾನ್ ಪವರ್ ಮೀಟರ್ ಬೇಕು.

ಮನೆಯೊಳಗಿನ ಹುಡುಕಾಟ

ಪ್ಯಾಚ್ ಕಾರ್ಡನ್ನು ಮೋಡಂನಿಂದ ಬಿಚ್ಚಿ. ಕಂಬದ ಡಬ್ಬಿಯಲ್ಲಿ ಈ ಮನೆಯ ಕನೆಕ್ಟರನ್ನೂ ಬಿಚ್ಚಿ, ಮುಚ್ಚಳ ಹಾಕಿ. ಅದೊಂದನ್ನು ಮಾತ್ರ. ಸ್ಪ್ಲಿಟರ್‌ನ ಒಳಬರುವ ಕಾಲನ್ನು ಕೈತಪ್ಪಿ ಬಿಚ್ಚಿದರೆ ಇಡೀ ಬೀದಿಗೆ ನೆಟ್ ಹೋಗುತ್ತದೆ. ಎರಡೂ ತುದಿ ಬಿಚ್ಚುವುದಕ್ಕೆ ಕಾರಣ ಇದೆ. ಪೆನ್ನಿನ ಬೆಳಕು ಮೋಡಂ ಅಥವಾ ಓಎಲ್‌ಟಿಯೊಳಗಿನ ಸೂಕ್ಷ್ಮ ಭಾಗಗಳಿಗೆ ಹೊಡೆಯಬಾರದು. ಲೈವ್ ಬೆಳಕು ನಿಮ್ಮ ಕಡೆಗೂ ಬರಬಾರದು.

ಕನೆಕ್ಟರ್ ಮುಖವನ್ನು ಒರೆಸಿ. ಅಂಗಿ ತುದಿಯಲ್ಲಿ ಒರೆಸುವುದು ಬೇಡ. ಅದರಿಂದ ಎಣ್ಣೆ, ನೂಲು ಹತ್ತುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ, ನೂಲು ಬಿಡದ ಟಿಶ್ಯೂ ಇಲ್ಲವೇ ಒತ್ತಿದರೆ ಒರೆಸುವ ಕ್ಲೀನರ್ ಪೆನ್ ಬಳಸಿ. ಎಷ್ಟೋ ಕೇಸು ಇಲ್ಲೇ ಮುಗಿಯುತ್ತದೆ. ಒರೆಸಿದ ಮೇಲೆ ಡಬ್ಬಿಯ ಕನೆಕ್ಟರ್ ಮತ್ತೆ ಸಿಕ್ಕಿಸಿ, ಇನ್ನೊಮ್ಮೆ ಅಳೆದು ನೋಡಿ.

ಸರಿಹೋಗಲಿಲ್ಲವೇ? ಡಬ್ಬಿಯ ಕನೆಕ್ಟರನ್ನು ಮತ್ತೆ ಬಿಚ್ಚಿ, ಪ್ಯಾಚ್ ಕಾರ್ಡನ್ನು ಪೆನ್ನಿಗೆ ನೇರವಾಗಿ ತೂರಿಸಿ. ತಿರುಚಿ ಒತ್ತಬೇಡಿ, ಒಳಗಿನ ಸೆರಾಮಿಕ್ ಕೊಳವೆ ಬಿರುಕು ಬಿಡುತ್ತದೆ. ಪೆನ್ನಿಗೆ ಎರಡು ಮೋಡ್ ಇರುತ್ತವೆ: ನಿಂತ ಬೆಳಕು, ಮಿನುಗುವ ಬೆಳಕು. ಹುಡುಕುವಾಗ ಮಿನುಗುವುದೇ ಇರಲಿ. ಹಗಲಿನಲ್ಲಿ ನಿಂತ ಬೆಳಕು ಕಣ್ಣು ತಪ್ಪಿಸುತ್ತದೆ, ಮಿನುಗುವುದು ಬೇಗ ಸೆಳೆಯುತ್ತದೆ. ರೂಮಿನ ದೀಪ ಆರಿಸಿ, ಕಿಟಕಿ ಪರದೆ ಎಳೆಯಿರಿ.

ಈಗ ಪೆನ್ನಿನಿಂದ ಶುರುಮಾಡಿ ನಿಧಾನವಾಗಿ ನೋಡುತ್ತಾ ಹೋಗಿ. ಪೆನ್ನಿಗೆ ಅಂಟಿದ ಮೊದಲ ಒಂದೆರಡು ಅಡಿಯಲ್ಲಿ ಮಂಕಾಗಿ ಕೆಂಪು ಕಂಡರೆ ಹೆದರಬೇಡಿ. ಕೋರ್‌ಗೆ ಹೋಗದೆ ಸುತ್ತಲಿನ ಗಾಜಿನಲ್ಲಿ ಹರಿಯುವ ಬೆಳಕು ಅದು, ಬೇಗ ಆರಿಹೋಗುತ್ತದೆ. ಮುಂದೆ ಒಂದೇ ಜಾಗದಲ್ಲಿ ಚುಕ್ಕೆಯಾಗಿ ಜೋರಾಗಿ ಹೊಳೆದರೆ ಅಲ್ಲಿ ಮುರಿದಿದೆ. ತಿರುವಿನಲ್ಲಿ ಒಂದಿಂಚು ಉದ್ದಕ್ಕೆ ಮಂಕಾಗಿ ಹರಡಿದ್ದರೆ ಬಗ್ಗಿದೆ. ವೈರನ್ನು ಸಡಿಲಿಸಿ ನೋಡಿ, ಹೊಳಪು ಹೋದರೆ ಗಾಜು ಉಳಿದಿದೆ. ಕನೆಕ್ಟರ್ ಬಾಲದ ರಬ್ಬರ್ ಒಳಗಿನಿಂದ ಕೆಂಪು ಕಂಡರೆ ಒಳಗೆ ಮುರಿದಿದೆ, ಬದಲಿಸುವುದೇ ದಾರಿ.

ನಮ್ಮ ಊರಿನ ಮನೆಗಳಲ್ಲಿ ಮೊದಲು ನೋಡಬೇಕಾದ ಜಾಗಗಳು ಇವು: ಮಂಚ, ಬೀರು, ಟಿವಿ ಸ್ಟ್ಯಾಂಡ್ ಹಿಂದೆ ಒತ್ತಿಕೊಂಡಿರುವ ಪ್ಯಾಚ್ ಕಾರ್ಡ್, ಕಿಟಕಿ ಬಾಗಿಲಿನ ಸಂದಿಯಲ್ಲಿ ತೂರಿಸಿದ ವೈರ್, ಸುತ್ತಿಗೆಯಲ್ಲಿ ಹೊಡೆದ ಕ್ಲಿಪ್ಪಿನ ಮೊಳೆ. ಮೈಸೂರಿನ ಅಗ್ರಹಾರದ ಕಡೆಯ ಹಳೇ ಹೆಂಚಿನ ಮನೆಗಳಲ್ಲಾದರೆ ಅಟ್ಟದ ಮೇಲೆ ಹೋದ ವೈರನ್ನು ಇಲಿ ಕಡಿದಿರುತ್ತದೆ. ಮನೆ ಒರೆಸುವಾಗ, ಹಬ್ಬಕ್ಕೆ ಸುಣ್ಣ ಬಣ್ಣ ಬಳಿಯುವಾಗ ಸಾಮಾನು ಸರಿಸಿದ್ದರಾ ಅಂತ ಮನೆಯವರನ್ನು ಕೇಳಿ. ದಸರಾ, ಯುಗಾದಿ ಮುಂಚಿನ ಕಂಪ್ಲೇಂಟ್‌ಗಳಿಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಕಪ್ಪು ವೈರಿನ ಸಮಸ್ಯೆ

ಪೆನ್ನಿನ ದೊಡ್ಡ ಮಿತಿ ಇಲ್ಲಿದೆ. ಬಿಳಿ, ಹಳದಿ ಪ್ಯಾಚ್ ಕಾರ್ಡಿನ ತೆಳು ಹೊದಿಕೆಯಲ್ಲಿ ಕೆಂಪು ಕಾಣುತ್ತದೆ. ಹೊರಗೆ ಎಳೆಯುವ ಕಪ್ಪು ಡ್ರಾಪ್ ವೈರಿನಲ್ಲಿ ಕಾಣುವುದಿಲ್ಲ. ಒಳಗೆ ಮುರಿದು ಬೆಳಕು ಸೋರುತ್ತಿದ್ದರೂ ಕಪ್ಪು ಪ್ಲಾಸ್ಟಿಕ್ ನುಂಗಿಬಿಡುತ್ತದೆ. 'ಎಲ್ಲೂ ಕೆಂಪು ಕಾಣಲಿಲ್ಲ, ವೈರ್ ಚೆನ್ನಾಗಿದೆ' ಅನ್ನುವ ತೀರ್ಮಾನಕ್ಕೆ ಇದೇ ಕಾರಣಕ್ಕೆ ಬರಬಾರದು.

ಕಪ್ಪು ವೈರಿನಲ್ಲಿ ಹುಡುಕುವ ರೀತಿ ಬೇರೆ. ಮನೆ ಕಡೆಯಿಂದ ಪೆನ್ ಹಚ್ಚಿ, ಡಬ್ಬಿ ಹತ್ತಿರ ತುದಿಯನ್ನು ಅಂಗೈಗೆ ತಿರುಗಿಸಿ ನೋಡಿ. ಕೆಂಪು ಬಂದರೆ ಡ್ರಾಪ್ ವೈರ್ ತುಂಡಾಗಿಲ್ಲ. ಡಬ್ಬಿಯಲ್ಲಿ ಸ್ಪ್ಲಿಟರ್ ಕಾಲಿನ ಪವರ್ ಅಳೆಯಿರಿ. ಅಲ್ಲೂ ಇಲ್ಲವಾದರೆ ತೊಂದರೆ ಮೇಲಿದೆ. ಕೆಂಪು ಬರದಿದ್ದರೆ ವೈರ್ ಎಲ್ಲೋ ಕಟ್ ಆಗಿದೆ. ಮಧ್ಯದಲ್ಲಿ ಹಳೇ ಜಾಯಿಂಟ್ ಇದ್ದರೆ ಅದನ್ನು ಬಿಚ್ಚಿ, ಎರಡು ಭಾಗವನ್ನು ಬೇರೆ ಬೇರೆ ನೋಡಿ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ ಜಾಗ ಕಿರಿದಾಗುತ್ತದೆ.

ಎಳೆದು ಹರಿದ ಕೇಸಿನಲ್ಲಿ ಒಂದು ವಿಷಯ ನೆನಪಿಡಿ. ಕಬ್ಬು ಅರೆಯುವ ಸೀಸನ್‌ನಲ್ಲಿ ಮಂಡ್ಯ, ಪಾಂಡವಪುರ, ಕೆ.ಎಂ. ದೊಡ್ಡಿ ರಸ್ತೆಗಳಲ್ಲಿ ಎತ್ತರಕ್ಕೆ ಕಬ್ಬು ಹೇರಿದ ಟ್ರ್ಯಾಕ್ಟರ್, ಲಾರಿ ಓಡಾಡುತ್ತವೆ. ರಸ್ತೆ ದಾಟುವ ವೈರ್ ಜೋತುಬಿದ್ದಿದ್ದರೆ ಕಬ್ಬಿನ ತುದಿ ಸಿಕ್ಕಿ ಎಳೆಯುತ್ತದೆ. ವೈರ್ ಹರಿಯದೆ ಹಾಗೇ ಇರುತ್ತದೆ, ಒಳಗೆ ಕಬ್ಬಿಣದ ತಂತಿ ಇದೆಯಲ್ಲ. ಆದರೆ ಆ ಎಳೆತ ಎರಡು ತುದಿಗೆ ಹೋಗುತ್ತದೆ. ಡಬ್ಬಿಯೊಳಗೆ ಕನೆಕ್ಟರ್‌ನಿಂದ ಗಾಜು ಹಿಂದಕ್ಕೆ ಜಾರಿರುತ್ತದೆ, ಇಲ್ಲವೇ ಮನೆ ಗೋಡೆಯ ಡಬ್ಬಿಯಲ್ಲಿ ಪಿಗ್‌ಟೇಲ್ (ಒಂದು ತುದಿಗೆ ಕನೆಕ್ಟರ್ ಇರುವ ತುಂಡು ಫೈಬರ್) ಜಾಯಿಂಟ್ ಬಿಟ್ಟಿರುತ್ತದೆ. ಹಾಗಾಗಿ ಎಳೆದ ಗುರುತು ಕಂಡರೆ ಮಧ್ಯದ ವೈರನ್ನು ಕತ್ತರಿಸುವ ಮೊದಲು ಎರಡೂ ತುದಿಯನ್ನು ಪೆನ್ ಹಾಕಿ ನೋಡಿ.

ಗದ್ದೆ ಬದಿಯ ಲೈನಿಗೆ ಇನ್ನೊಂದು ಶತ್ರು ಬೆಂಕಿ. ಕಟಾವಾದ ಮೇಲೆ ಕಬ್ಬಿನ ತರಗಿಗೆ ಬೆಂಕಿ ಹಾಕುತ್ತಾರೆ. ಮೇಲಿನ ವೈರಿನ ಹೊದಿಕೆ ಕರಗಿ ಕುಗ್ಗುತ್ತದೆ. ಅವತ್ತೇ ನೆಟ್ ಹೋಗಬೇಕೆಂದಿಲ್ಲ. ಕರಗಿದ ಪ್ಲಾಸ್ಟಿಕ್ ಗಟ್ಟಿಯಾಗಿ ಗಾಜನ್ನು ಒತ್ತಿ, ಪವರ್ ನಿಧಾನವಾಗಿ ಬೀಳುತ್ತದೆ. ಇಂಥ ಕಡೆ ಹೊದಿಕೆ ತೆಳುವಾಗಿರುವುದರಿಂದ ಕಪ್ಪು ವೈರಿನಲ್ಲೂ ಕೆಂಪು ಇಣುಕಬಹುದು. ತೆಂಗಿನ ಮರಕ್ಕೆ ಕಟ್ಟಿದ ವೈರಾದರೆ ಅಳಿಲು ಕಡಿದ ಗಾಯ, ಗರಿ ಬಿದ್ದ ಪೆಟ್ಟು ಹುಡುಕಿ. ಹೊರಗಿನ ಹುಡುಕಾಟಕ್ಕೆ ಸಂಜೆ ಬೆಳಕು ಮುಗಿಯುವ ಹೊತ್ತು ಒಳ್ಳೆಯದು. ಹಗಲಲ್ಲೇ ಮಾಡಬೇಕಾದರೆ ತಲೆ ಮೇಲೆ ದಪ್ಪ ಟವೆಲ್ ಹೊದ್ದು ಅದರ ನೆರಳಿನಲ್ಲಿ ನೋಡಿ.

ಕರೆಂಟ್ ಕಂಬದ ಮೇಲಿನ ಡಬ್ಬಿ ಅಂದರೆ ಸೆಸ್ಕ್‌ನವರಿಗೆ (ಈ ಕಡೆಯ ಕರೆಂಟ್ ಕಂಪನಿ) ಹೇಳದೆ ಹತ್ತಬೇಡಿ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ, ನಿಜ. ಆದರೆ ಡ್ರಾಪ್ ವೈರಿನೊಳಗಿನ ಕಬ್ಬಿಣದ ತಂತಿಯಲ್ಲಿ ಹರಿಯುತ್ತದೆ. ಜೋತುಬಿದ್ದ ವೈರ್ ಕರೆಂಟ್ ಲೈನಿಗೆ ತಗುಲಿದ್ದರೆ ಮುಟ್ಟಿದವರ ಜೀವ ಹೋಗುತ್ತದೆ. ಮಳೆಯಲ್ಲಂತೂ ಯಾವ ಗಿರಾಕಿ ಎಷ್ಟು ಬೈದರೂ ಹತ್ತಬೇಡಿ.

ಜಾಯಿಂಟ್ ಆದ ಮೇಲೆ

ಜಾಯಿಂಟ್ ಮಾಡುವಾಗಲೂ ಪೆನ್ ಹಚ್ಚಿಟ್ಟಿದ್ದರೆ ಅನುಕೂಲ. ಫಾಸ್ಟ್ ಕನೆಕ್ಟರ್ (ಮೆಷಿನ್ ಇಲ್ಲದೆ ಕೈಯಲ್ಲೇ ಕೂರಿಸುವಂಥದ್ದು) ಹಾಕುವಾಗ ಫೈಬರ್ ತೂರಿಸುತ್ತಾ ಹೋದಂತೆ ಕನೆಕ್ಟರ್ ಮೈ ಕೆಂಪಗೆ ಹೊಳೆಯುತ್ತಿರುತ್ತದೆ. ಎರಡು ಗಾಜು ಸರಿಯಾಗಿ ಮುಟ್ಟಿದಾಗ ಹೊಳಪು ಥಟ್ಟನೆ ಇಳಿಯುತ್ತದೆ. ಆಗ ಲಾಕ್ ಮಾಡಿ. ಇಳಿಯದಿದ್ದರೆ ಕ್ಲೀವ್ (ಗಾಜಿನ ತುದಿ ಕತ್ತರಿಸಿದ್ದು) ಸರಿಯಾಗಿಲ್ಲ, ಮತ್ತೆ ಕತ್ತರಿಸಿ. ಮೆಷಿನ್‌ನಲ್ಲಿ ಮಾಡಿದ ಸ್ಪ್ಲೈಸ್ (ಗಾಜು ಕರಗಿಸಿ ಬೆಸೆದ ಜಾಯಿಂಟ್) ಜಾಗದಲ್ಲಿ ಜೋರಾಗಿ ಕೆಂಪು ಕಂಡರೆ ಅದು ಕೆಟ್ಟ ಸ್ಪ್ಲೈಸ್. ಚೆನ್ನಾಗಿ ಬಂದಿದ್ದಕ್ಕೆ 0.1 ಡಿಬಿ ಒಳಗೆ ನಷ್ಟ ಇರುತ್ತದೆ, ಹೊಳಪು ಕಾಣುವುದೇ ಇಲ್ಲ ಅನ್ನಬಹುದು.

ಹಲವು ಕೋರ್ (ಇಲ್ಲಿ ಕೋರ್ ಅಂದರೆ ಒಂದೊಂದು ಫೈಬರ್ ಎಳೆ) ಇರುವ ಕೇಬಲ್ ಕಟ್ಟಾಗಿ ಜಾಯಿಂಟ್ ಕ್ಲೋಷರ್ (ಜಾಯಿಂಟ್‌ಗಳನ್ನು ಮುಚ್ಚಿಡುವ ಡಬ್ಬಿ) ಬಿಚ್ಚಿದಾಗ ಪೆನ್ ಇನ್ನೊಂದು ಉಪಕಾರ ಮಾಡುತ್ತದೆ. ಬಣ್ಣದ ಕ್ರಮ ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ, ಗುಲಾಬಿ, ತಿಳಿನೀಲಿ ಅಂತ ಹನ್ನೆರಡು. ಆದರೆ ಹಿಂದೆ ಯಾರೋ ಅವಸರದಲ್ಲಿ ನೀಲಿಗೆ ಹಸಿರು ಸೇರಿಸಿರುತ್ತಾರೆ. ಆ ಕೋರ್ ಲೈವ್ ಅಲ್ಲ ಅಂತ ಪವರ್ ಮೀಟರ್‌ನಲ್ಲಿ ಖಚಿತ ಮಾಡಿಕೊಂಡು, ಆ ಕಡೆಯಿಂದ ಕೆಂಪು ಬಿಟ್ಟರೆ ಈ ಕಡೆ ಯಾವುದು ಹೊಳೆಯುತ್ತದೋ ಅದೇ ಕೋರ್. ಫೋನಿನಲ್ಲಿ ಜಗಳ ಬೇಕಿಲ್ಲ.

ಕೆಂಪು ಬಂತು ಅಂದ ಮಾತ್ರಕ್ಕೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ನಾನು ಜಾಸ್ತಿ ಒತ್ತಿ ಹೇಳುವುದು ಇದನ್ನೇ. ಕೆಂಪು ದಾಟಿತು ಅಂದರೆ ಗಾಜು ಉದ್ದಕ್ಕೂ ಇದೆ ಅಂತ ಮಾತ್ರ ಗೊತ್ತಾಗುತ್ತದೆ. ಅರ್ಧಕ್ಕರ್ಧ ಸಿಗ್ನಲ್ ಸೋರಿಹೋಗುವ ಲೈನಿನಲ್ಲೂ ಕೆಂಪು ಆ ಕಡೆ ಚೆನ್ನಾಗಿಯೇ ಕಾಣುತ್ತದೆ. ಬಗ್ಗಿದ ಫೈಬರ್‌ನಲ್ಲಿ 1550ರ ಬೆಳಕು ಬೇಗ ಸೋರುತ್ತದೆ. ಈಗಿನ ಡ್ರಾಪ್ ವೈರುಗಳಲ್ಲಿ ಬರುವ ಜಿ 657 ಫೈಬರ್ ಬಗ್ಗಿದರೂ ತಡೆದುಕೊಳ್ಳುವಂಥದ್ದು, ಅದರಲ್ಲಿ ಕೆಂಪು ಹೊರಗೆ ಕಾಣದೆಯೂ ಇರಬಹುದು. ಹಾಗಾಗಿ ಕೊನೆ ಮಾತು ಪವರ್ ಮೀಟರಿನದು.

ಪೆನ್ ಸಾಲದ ಕಡೆಗಳೂ ಇವೆ. ನೆಲದೊಳಗಿನ ಕೇಬಲ್, ಕಿಲೋಮೀಟರ್‌ಗಟ್ಟಲೆ ಲೈನ್, ಸ್ಪ್ಲಿಟರ್ ದಾಟಿದ ಮೇಲಿನ ಭಾಗ, ಇವಕ್ಕೆಲ್ಲ ಓಟಿಡಿಆರ್ (ಬೆಳಕು ಬಿಟ್ಟು, ವಾಪಸ್ ಬಂದದ್ದರಿಂದ ದೂರ ಅಳೆಯುವ ಯಂತ್ರ) ತರಿಸಿ. ಸ್ಪ್ಲಿಟರ್ ಮೂಲಕ ಕೆಂಪು ಬಿಟ್ಟು ಹುಡುಕುವುದು ನೆಚ್ಚುವಂಥದ್ದಲ್ಲ, ಅದು ಆ ಬೆಳಕಿಗಾಗಿ ಮಾಡಿದ್ದೇ ಅಲ್ಲ. ಓಟಿಡಿಆರ್ 'ಇಷ್ಟು ಮೀಟರ್‌ನಲ್ಲಿ ಕಟ್' ಅನ್ನುತ್ತದೆ. ಆದರೆ ತನ್ನ ಬುಡದ ಕೆಲವು ಮೀಟರ್ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಆ ಕೆಲವು ಮೀಟರ್ ಪೆನ್ನಿಗೆ ಚೆನ್ನಾಗಿ ಕಾಣುತ್ತದೆ. ಕಂಟ್ರೋಲ್ ರೂಮಿನ ರ‍್ಯಾಕ್‌ನಲ್ಲಿ ಹುಡುಕುವಾಗ ಎರಡೂ ಕೈಯಲ್ಲಿರಲಿ.

ರಿಪೇರಿ ಆದ ಮೇಲೆ ಎರಡೂ ತುದಿ ಒರೆಸಿ ಸಿಕ್ಕಿಸಿ, ಎಲ್‌ಒಎಸ್ ಆರಿ ಪಾನ್ ಹಸಿರಾಗಿ ನಿಲ್ಲುವವರೆಗೆ ಕಾಯಿರಿ. ಪೆನ್ನಿನ ಬಾಯಿಗೆ ಮುಚ್ಚಳ ಹಾಕಿ. ಬಹಳ ದಿನ ಬಳಸದಿದ್ದರೆ ಸೆಲ್ ತೆಗೆದಿಡಿ, ಸೋರಿದರೆ ಪೆನ್ ಹಾಳು. ಹೊರಡುವ ಮುಂಚೆ ಗೋಡೆ ಡಬ್ಬಿಯ ಮುಚ್ಚಳದ ಒಳಗೆ ಚೀಟಿ ಅಂಟಿಸಿ, ತಾರೀಕು ಮತ್ತು ಮೀಟರ್ ಅಂಕಿ ಬರೆಯಿರಿ. ಮುಂದಿನ ಸಲ ಬಂದವರು ಮೈನಸ್ 20 ಇದ್ದದ್ದು ಮೈನಸ್ 26 ಆಗಿದೆ ಅಂತ ನೋಡಿದ ಕೂಡಲೇ, ಕಟ್ ಹುಡುಕಬೇಕೋ ಬಗ್ಗಿದ ಜಾಗ ಹುಡುಕಬೇಕೋ ಅನ್ನುವುದು ಅವರಿಗೆ ಅಲ್ಲೇ ಗೊತ್ತಾಗುತ್ತದೆ.